ಸಂಪಿನ ಮೀನಿಗೆ ಮಡಿಲಕ್ಕಿ

ಹೊಳೆಯೆಲ್ಲ ಪೈಪಿಗೆ ಸೇರಿದ ಮೇಲೆ ನಲ್ಲಿಯಿರುವ ಪ್ರತಿ ಮನೆಯೂ ತಳಿ ಉಳಿಯಲೆಂದು ಸಂಪಿನಲ್ಲಿ ಒಂದು ಹೊಳೆಮೀನು ಸಾಕಬೇಕೆಂಬುದು ನಿಯಮ. ನಮ್ಮದು ಬಿಳಿಮೀನು. ಬೀಗರು ಬರುವಾಗ ನೀರು ನಾರಬಾರದೆಂದು ಮೊನ್ನೆ ಸಂಪಿಗೆ ಬ್ಲೀಚಿಂಗ್ ಪೌಡರ್ ಸುರಿದೆ. ಮೀನನ್ನು ಮೊದಲು ಟಬ್ಬಿಗೆ ಎತ್ತಿಡಲು ಮರೆತೆ. ಅದು ಸತ್ತಿತು. ಯಾರಿಗೂ ಹೇಳದೆ ನೀರು ಬದಲಿಸಿ, ಸಂತೆಯಿಂದ ಜೀವಂತ ಕಾಟ್ಲಾ ಮೀನೊಂದನ್ನು ತಂದು ಬಿಟ್ಟೆ.

ಇವತ್ತು ಮೀನು ತಪಾಸಣೆಯ ದೇಚಮ್ಮ ನಗುತ್ತ ಬಂದರು.

"ಚೆನ್ನಾಜಮ್ಮೋರೇ, ಅಣೆಕಟ್ಟೆ ಕೆಳಗೆ ಒಂದು ಮಡು ಮೀನಿಗೇ ಅಂತ ಬಿಟ್ಟುಕೊಟ್ಟಿದ್ದಾರೆ. ಬಿಳಿಮೀನಲ್ಲಿ ಹೆಣ್ಣು ಅಂತ ಉಳಿದಿರೋದು ನಿಮ್ಮನೇದೊಂದೇ. ಕಳಿಸಿಕೊಡಿ."

ಹಿಂದೆಯೇ ಬೀದಿಯ ಹೆಂಗಸರು ಮಡಿಲಕ್ಕಿ ತಂದರು.

"ಮಗಳನ್ನ ಕಳ್ಸಕ್ಕೆ ಅಳು ಬತ್ತದೇನಕ್ಕಾ?" ಎಂದು ಪಕ್ಕದ ಮನೆಯ ಪುಟ್ಟತಾಯಿ ಛೇಡಿಸಿ, ಮೀನಿನ ಬದಲು ನನ್ನ ಹಣೆಗೆ ಕುಂಕುಮವಿಟ್ಟಳು.

ನಾನು ಸಂಪಿನ ಮುಚ್ಚಳದ ಮೇಲೆಯೇ ನಿಂತು, ತಲೆ ಎತ್ತದೆ, ಸೆರಗೊಡ್ಡಿ ಅಕ್ಕಿ ತುಂಬಿಸಿಕೊಂಡೆ.