ಕತ್ತರಿ ಬೀಳದ ಸಿನಿಮಾ

ಕತ್ತಲಲ್ಲಿ ತಡಕಾಡಿಕೊಂಡು ಬಂದ ಸಂಗಮೇಶಪ್ಪನವರು ಯಾರದೋ ಕಾಲು ತುಳಿದು "ಸಾರಿ ಸ್ವಾಮಿ" ಅಂದರು. "ಪರವಾಗಿಲ್ಲ, ಕೂತ್ಕೊಳಿ" ಎಂದ ದನಿ ಕೇಳಿದ್ದೇ ಅವರು ಟವಲನ್ನು ಮುಖಕ್ಕೆ ಎಳೆದುಕೊಂಡರು. ಅದು ಗುಬ್ಬಿಯ ರೈಸ್ ಮಿಲ್ ಮಹಾಲಿಂಗಯ್ಯನವರ ದನಿ. ಮುಂದಿನ ವಾರ ತಮ್ಮ ಮಗಳು ಮಾಲಿನಿಯ ನಿಶ್ಚಿತಾರ್ಥ ನಡೆಯಬೇಕಿದ್ದದ್ದು ಇವರ ಮಗನ ಜೊತೆಗೇ. ಬಂದ ಹುಡುಗರನ್ನೆಲ್ಲ ಮೂಗು ಮುರಿದು ಕಳಿಸಿದ್ದ ಮಾಲಿನಿ, ಈ ಹುಡುಗನ ಫೋಟೋ ಮಾತ್ರ ವಾಪಸ್ ಕೊಟ್ಟಿರಲಿಲ್ಲ.

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಹಳೇ ಕಡಲೆಕಾಯಿ ಗೋಡೌನಿಗೆ ಬಿಳಿ ಪರದೆ ಕಟ್ಟಿ, ಕಾಲೇಜು ಮೇಷ್ಟ್ರು ಕನಕರಾಜು ನಡೆಸುತ್ತಿದ್ದ ಪುಟ್ಟ ಟಾಕೀಸು ಅದು. ಭಾನುವಾರ ಮಧ್ಯಾಹ್ನ ದೇಶವಿದೇಶದ ಹಳೆಯ, ಒಳ್ಳೆಯ ಸಿನಿಮಾ ಹುಡುಕಿ ತರಿಸಿ ತೋರಿಸುತ್ತಿದ್ದರು. ಮೊದಮೊದಲು ಮೇಷ್ಟ್ರು ಒಬ್ಬರೇ ಕೂತು ನೊಣ ಹೊಡೆದರು. ಆಮೇಲೆ ಯಾರೋ ಪುಣ್ಯಾತ್ಮ, ಇಂಥ ಫಾರಿನ್ ಪಿಕ್ಚರುಗಳಿಗೆ ಸೆನ್ಸಾರಿನವರ ಕತ್ತರಿ ಬೀಳುವುದಿಲ್ಲವಂತೆ ಎಂದು ಗಾಳಿಸುದ್ದಿ ಬಿಟ್ಟ ನೋಡಿ, ತುಮಕೂರಿನ ಗಣ್ಯರಿಗೆಲ್ಲ ಇದ್ದಕ್ಕಿದ್ದಂತೆ ಕಲೆಯ ಮೇಲೆ ಪ್ರೀತಿ ಹುಟ್ಟಿತು. ಬಟ್ಟೆ ಅಂಗಡಿಯ ಸಂಗಮೇಶಪ್ಪನವರೂ ಹಣೆ ತುಂಬ ವಿಭೂತಿ ಧರಿಸಿ, ಹೆಂಡತಿಗೆ ಸಮಾಜದ ಮೀಟಿಂಗ್ ಐತೆ ಎಂದು ಹೇಳಿ ಹೊರಟು ಬಂದಿದ್ದರು.

"ಓಹೋ, ಬೀಗರು," ಮಹಾಲಿಂಗಯ್ಯ ಗುರುತು ಹಿಡಿದೇಬಿಟ್ಟರು. "ನೀವೂ ಬಂದಿದೀರಾ?"

"ಇಲ್ಲ, ಇಲ್ಲೇ ಹೋಗ್ತಿದ್ದೆ, ಮೇಷ್ಟ್ರು ಬಲವಂತ ಮಾಡಿದ್ರು. ತಾವು?"

"ನನಗೆ ಚಿಕ್ಕಂದಿನಿಂದ್ಲೂ ಈ ಫೋಟೋಗ್ರಫಿ ಅಂದ್ರೆ ಒಂಥರಾ ಹುಚ್ಚು. ನೆರಳು ಬೆಳಕು ಎಲ್ಲ ಹೆಂಗ್ ಇಡ್ತಾರೆ ಅಂತ."

"ಹೌದೌದು. ನೆರಳು ಭಾಳ ಮುಖ್ಯ," ಅಂದರು ಸಂಗಮೇಶಪ್ಪ.

ಪರದೆಯ ಮೇಲೆ ಒಬ್ಬ ಮುದುಕ ಕಳೆದುಹೋದ ಮೇಕೆ ಹುಡುಕುತ್ತ ಗುಡ್ಡ ಹತ್ತಿದ. ಇಳಿದ. ಇನ್ನೊಂದು ಗುಡ್ಡ ಹತ್ತಿದ. ಹೊಳೆ ಕಾಣಿಸಿದಾಗ ಗೋಡೌನಿನ ಕುರ್ಚಿಗಳೆಲ್ಲ ಒಮ್ಮೆ ಕಿರುಗುಟ್ಟಿದವು, ಯಾರಾದರೂ ಸ್ನಾನಕ್ಕೆ ಇಳಿದಾರೆಂಬ ಆಸೆ. ಮುದುಕ ಕಾಲು ತೊಳೆದುಕೊಂಡು ಮುಂದೆ ಹೋದ. ಒಂದು ಮನೆಯ ಬಾಗಿಲು ಮೆಲ್ಲಗೆ ತೆರೆಯಿತು, ಎಲ್ಲರೂ ಮುಂದಕ್ಕೆ ಬಾಗಿದರು. ಒಳಗಿದ್ದ ಅಜ್ಜಿ ಮೇಕೆ ಇತ್ತ ಬಂದಿಲ್ಲವೆಂದು ತಲೆಯಾಡಿಸಿದಳು. ಎರಡು ಗಂಟೆಯಾದ ಮೇಲೆ ಮೇಕೆ ಸಿಕ್ಕಿತು, ದೀಪ ಹತ್ತಿತು.

"ನೀವೆಲ್ಲ ಇಲ್ಲಿಗೆ ಯಾಕೆ ಬರ್ತೀರಿ ಅಂತ ನನಗೆ ಗೊತ್ತು," ಎಂದು ಕನಕರಾಜು ಎದ್ದು ನಿಂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಡಾಕ್ಟರು, ಲಾಯರು, ಬ್ಯಾಂಕ್ ಮ್ಯಾನೇಜರು ಎಲ್ಲರೂ ನೆಲ ನೋಡಿದರು. "ಒಳ್ಳೇ ಸಿನಿಮಾದ ಹಸಿವು ನಿಮಗೆ. ಒಬ್ಬರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ." ಪಾಪ, ಮೇಷ್ಟ್ರ ಕಣ್ಣು ತುಂಬಿ ಬಂದಿತ್ತು. ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೆದರು.

ಗೋಡೌನಿನ ಬಾಗಿಲ ಹೊರಗೆ ಮಹಾಲಿಂಗಯ್ಯ ಬೀಗರ ಕೈ ಹಿಡಿದುಕೊಂಡರು. "ಇದನ್ನೆಲ್ಲ ಮನೇಲಿ ಹೇಳೋದು ಬೇಡ ಬಿಡಿ. ಹೆಂಗಸರಿಗೆ ಕಲೆ ಗಿಲೆ ಅರ್ಥ ಆಗಲ್ಲ."

"ನಾನ್ಯಾಕೆ ಹೇಳ್ಲಿ ಬೀಗರೇ."

ಆದರೆ ಸಂಗಮೇಶಪ್ಪನವರಿಗೆ ಸಮಾಧಾನವಿಲ್ಲ. ಹೋಟೆಲಿಗೆ ಹೋಗಿ ಕಾಫಿ ತರಿಸಿಕೊಂಡು ಯೋಚಿಸಿದರು. ನಾಳೆ ಈ ಮನುಷ್ಯ ಬಾಯಿ ಬಿಟ್ಟರೆ? ಲೋಕದಲ್ಲಿ ಮೊದಲು ದೂರು ಹೇಳಿದವನೇ ಸಾಚಾ. ನಾನು ರಸ್ತೆಯಲ್ಲಿ ಹೋಗುತ್ತಿದ್ದಾಗ ಬೀಗರು ಆ ಗೋಡೌನಿಗೆ ನುಗ್ಗುವುದನ್ನು ಕಂಡೆ, ಇಂಥವರ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದುಬಿಟ್ಟರೆ ತನ್ನ ಮರ್ಯಾದೆ ಉಳಿಯುತ್ತದೆ. ಮಾಲಿನಿಯ ಮುಖ ಒಂದು ಕ್ಷಣ ಕಣ್ಣ ಮುಂದೆ ಬಂತು. ಇನ್ನೊಂದು ಕಾಫಿ ಹೇಳಿದರು. ಗಂಡು ಇನ್ನೊಂದು ಸಿಕ್ಕೀತು, ಹೋದ ಮಾನ ಬಂದೀತೆ?

ಮನೆಗೆ ಬಂದಾಗ ಹೆಂಡತಿ ಉಮಾಮಹೇಶ್ವರಿ ಫೋನಿನ ಪಕ್ಕ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಸಂಗಮೇಶಪ್ಪ ಶುರು ಮಾಡಿದರು. "ಆ ಗುಬ್ಬಿ ಸಂಬಂಧ ನಮಗೆ ಬ್ಯಾಡ ಕಣೇ."

"ಅವರೂ ಹಂಗೇ ಅಂದ್ರು," ಅಂದರು ಉಮಾಮಹೇಶ್ವರಿ. "ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಂದ ಫೋನ್ ಮಾಡಿದ್ರು. ದಾರೀಲಿ ಹೋಗ್ತಾ ನೋಡಿದ್ರಂತೆ, ನೀವು ಕೆಟ್ಟ ಸಿನಿಮಾ ತೋರ್ಸೋ ಗೋಡೌನಿಂದ ಈಚೆಗೆ ಬರ್ತಿದ್ರಂತೆ. ಅಂಥೋರ ಮನೆ ಹೆಣ್ಣು ಬ್ಯಾಡ ಅಂದ್ರು."

"ಆವಯ್ಯ ನನ್ನ ಪಕ್ಕದಲ್ಲೇ ಕೂತಿದ್ದ."

"ನಿಮ್ಮ ಯಜಮಾನ್ರು ಹಿಂಗೇ ಹೇಳ್ತಾರೆ ನೋಡ್ತಿರಿ ಅಂತಾನೂ ಅಂದ್ರು."

ಸಂಗಮೇಶಪ್ಪ ಒಂದೇ ಕಾಲಿನ ಚಪ್ಪಲಿ ಬಿಟ್ಟು ಒಳಗೆ ಬಂದರು. "ಅಲ್ಲಿ ಕೆಟ್ಟದ್ದು ಏನೂ ಇರ್ಲಿಲ್ಲ ಕಣೇ. ಬರೀ ಒಂದು ಮೇಕೆ. ಲಿಂಗದ ಮೇಲೆ ಆಣೆ, ಎರಡು ಗಂಟೆ ಬರೀ ಮೇಕೆ." ಆವತ್ತು ಅವರ ಬಾಯಿಂದ ನಿಜ ಹೊರಟದ್ದು ಈಗಲೇ.

ರೂಮಿನ ಬಾಗಿಲಲ್ಲಿ ಮಾಲಿನಿ ನಿಂತಿದ್ದಳು. ಅಳುತ್ತಿರಲಿಲ್ಲ.

"ಮೀಟಿಂಗ್ ಅಂತ ಸುಳ್ಳು ಹೇಳಿ ಹೋದಾಗ ಅಲ್ಲಿ ಬರೀ ಮೇಕೆ ಇರುತ್ತೆ ಅಂತ ನಿಂಗೆ ಗೊತ್ತಿತ್ತೇನಪ್ಪ?" ಎಂದು ಕೇಳಿದಳು.