ಎರಡೂ ಕೈ ಸಮ

ಆರೋಗ್ಯವಂತರ ಕೈಬಲ ಅಳೆಯಲು ಪಾರ್ಕಿಗೆ ಬಂದಿದ್ದ ವಿದ್ಯಾರ್ಥಿನಿ, ಹಿಡಿಕೆಯಿದ್ದ ಸಣ್ಣ ಯಂತ್ರವೊಂದನ್ನು ವಾಕಿಂಗಿಗೆ ಬಂದ ಹೆಂಗಸಿನ ಬಲಗೈಗೆ ಕೊಟ್ಟಳು.

"ಜೋರಾಗಿ ಹಿಂಡಿ, ಆಂಟಿ."

ಮುಳ್ಳು ಸರ್ರನೆ ಏರಿತು. ಆಗಲೇ ಹಿಂಡಿ ಸುಸ್ತಾಗಿದ್ದ ಗಂಡಸರು ಮುಖ ಮುಖ ನೋಡಿಕೊಂಡರು. ಎಡಗೈಯಲ್ಲಿ ಹಿಂಡಿದಾಗಲೂ ಮುಳ್ಳು ಅಲ್ಲಿಗೇ ಹೋಗಿ ನಿಂತಿತು.

"ಮಿಷನ್ ಕೆಟ್ಟಿರ್ಬೇಕು. ಎಲ್ರಿಗೂ ಎಡಗೈಲಿ ಬಲ ಕಮ್ಮಿ ಬರತ್ತೆ," ಎಂದಳು ಹುಡುಗಿ.

"ಕೆಟ್ಟಿಲ್ಲ ಕಣಮ್ಮ," ಎಂದು ಆಕೆ ನಕ್ಕಳು.

"ಹಾಗಾದ್ರೆ ಜಿಮ್ಮಿಗೆ ಹೋಗ್ತೀರಾ?"

"ಎಲ್ಲಿಯ ಜಿಮ್ಮು! ವಾರಕ್ಕೊಂದು ಸಲ ಬೆಡ್‌ಶೀಟ್ ಒಗೀತೀನಿ, ಅಷ್ಟೇ."

"ನಮ್ಮಮ್ಮಾನೂ ಒಗೀತಾರಲ್ಲ. ಹಿಂಡೋವಾಗ ಒಂದು ತುದಿ ಅವರು ಹಿಡ್ಕೋತಾರೆ, ಇನ್ನೊಂದು ನಾನು."

ಆಕೆ ಯಂತ್ರವನ್ನು ಹುಡುಗಿಯ ಕೈಗೆ ವಾಪಸು ಕೊಟ್ಟಳು.

"ನಮ್ಮನೇಲಿ ಎರಡೂ ತುದಿ ನಂದೇ."