ಎರಡು ಗೇಣಿನ ಹಾದಿ

ನೇಪಾಳದ ಬೆಟ್ಟದ ಸೀಮೆಯಿಂದ ಬಾಯಿಂದ ಬಾಯಿಗೆ ಹರಿದುಬಂದ ಸಂಗತಿಯಿದು... ಕೇಳಿದ ಹಾಗೆಯೇ ಹೇಳುತ್ತೇನೆ.

ರಾಣೆಬೆನ್ನೂರಿನ ಬಿತ್ತನೆಬೀಜದ ವ್ಯಾಪಾರಿ ಮುರಿಗೆಪ್ಪನವರು ಆ ಸೀಮೆಯ ಒಂದು ಹಳ್ಳಿಗೆ, ನಡೆಯಲಾಗದವರಿಗೆಂದು, ಹಿಂದಿನ ವರ್ಷ ಒಂದು ವೀಲ್‌ಚೇರ್ ಕಳುಹಿಸಿದ್ದರು.

ಅದರಲ್ಲಿ ಕುಳಿತು ನಗುತ್ತಿದ್ದ ಹೆಂಗಸಿನ ಫೋಟೋ ಅವರ ಅಂಗಡಿಯ ಗೋಡೆಯ ಮೇಲಿತ್ತು.

ಈ ವರ್ಷ ಇನ್ನೂ ಆರು ವೀಲ್‌ಚೇರ್‌ಗಳೊಂದಿಗೆ ತಾವೇ ಹೊರಟರು...

ಬಸ್ಸು ನಿಂತಲ್ಲಿಂದ ಮುಂದೆ ಬರೀ ಕಾಲುಹಾದಿ. ಹಮಾಲರು ಚೇರ್‌ಗಳನ್ನು ಮಡಚಿ ಬೆನ್ನಿಗೇರಿಸಿ, ಪಟ್ಟಿಯನ್ನು ಹಣೆಗೆ ಕೊಟ್ಟು ಸರಸರನೆ ನಡೆದುಬಿಟ್ಟರು.

ಮೂರನೆಯ ತಿರುವಿನಲ್ಲಿ ಬೆಟ್ಟ ಕುಸಿದು, ಹಾದಿ ಎರಡು ಗೇಣಷ್ಟೇ ಉಳಿದಿತ್ತು. ಒಂದು ಬದಿಗೆ ಬಂಡೆ... ಇನ್ನೊಂದು ಬದಿಗೆ ಏನೂ ಇಲ್ಲ.

ನಡುಮಧ್ಯೆ ಮುರಿಗೆಪ್ಪನವರು ಕೆಳಗೆ ನೋಡಿಬಿಟ್ಟರು.

ಅಷ್ಟೇ... ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಂಡೆಗೆ ಬೆನ್ನೊತ್ತಿ ನಿಂತುಬಿಟ್ಟರು.

ಹಮಾಲನೊಬ್ಬ ಹಿಂದಿರುಗಿ ಬಂದು ಕೈಚಾಚಿದ. "ಮುಟ್ಟಬ್ಯಾಡೋ ತಮ್ಮಾ, ಬೀಳ್ತೀನಿ" ಎಂದರು. ಹಿಂದಿ ಮರೆತು ಕನ್ನಡವೇ ಬಂದಿತ್ತು.

ಕಾಲಡಿಯ ಮಣ್ಣು ಹಿಡಿಯಷ್ಟು ಜಾರಿತು... ಅದು ಕೆಳಗೆ ಮುಟ್ಟಿದ ಸದ್ದು ಕೇಳಲೇ ಇಲ್ಲ.

ಆ ಹಾದಿಯಲ್ಲಿ ಯಾರೇ ಹೆದರಿ ನಿಂತರೂ ದಿಲ್ಸರಾ ಎಂಬವಳಿಗೆ ಹೇಳಿಕಳುಹಿಸುವುದು ಊರಿನ ರೂಢಿ. ಹಮಾಲ ಓಡಿದ.

ಅರ್ಧ ಗಂಟೆಯ ಮೇಲೆ ತಿರುವಿನಾಚೆಯಿಂದ ಟಕ್... ಟಕ್... ಎಂಬ ಸದ್ದು.

ಎರಡೂ ಕೈಗಳಲ್ಲಿ ಮರದ ತುಂಡು ಹಿಡಿದು, ಅವನ್ನು ನೆಲಕ್ಕೂರಿ, ಕುಳಿತಲ್ಲೇ ದೇಹವನ್ನು ಎತ್ತಿಡುತ್ತ ಒಬ್ಬ ಹೆಂಗಸು ಬಂದಳು. ಮೊಣಕಾಲಿನಿಂದ ಕೆಳಗೆ ಕಾಲುಗಳಿಲ್ಲ.

ಅಂಗಡಿಯ ಗೋಡೆಯ ಮೇಲಿದ್ದ ಅದೇ ಮುಖ.

"ದಾಜು, ಕೂತ್ಕೊಳ್ಳಿ" ಎಂದಳು, ಹರಕುಮುರುಕು ಹಿಂದಿಯಲ್ಲಿ. ದಾಜು ಎಂದರೆ ಅವರ ಮಾತಿನಲ್ಲಿ ಅಣ್ಣ.

"ಆಗಲ್ಲ ತಾಯಿ..."

"ಎಲ್ಲರೂ ಗಟ್ಟಿಯಾಗಿ ನಿಲ್ಲಿ ಅಂತಾರೆ. ಇಲ್ಲಿ ಅದು ನಡೆಯೋದಿಲ್ಲ. ಹಾಗೇ ಜಾರಿ... ನನ್ನ ಎತ್ತರಕ್ಕೆ ಬನ್ನಿ."

ಕಣ್ಣುಮುಚ್ಚಿ ಇಂಚಿಂಚಾಗಿ ಜಾರಿ ಕುಳಿತರು. ಅವಳು ಅವರತ್ತಲೇ ಮುಖಮಾಡಿ ಹಿಂದಕ್ಕೆ ಸರಿದಳು. ಅಂಗೈಯೂರಿ ಇವರು ಮುಂದಕ್ಕೆ.

"ಹಿಂದೆ ನೋಡ್ಕೊಮ್ಮಾ, ಬಿದ್ದೀಯ."

"ನನ್ನ ಕಾಲು ಹೋಗಿದ್ದು ಇಲ್ಲೇ ದಾಜು. ಗುರುತಿನ ಜಾಗ."

ಭಯ ಮರೆಯಲು ಏನಾದರೂ ಮಾತು ಬೇಕಿತ್ತು. "ನಾನು ಕಳಿಸಿದ ಚೇರು... ಹೇಗಿದೆ?"

"ಚೆನ್ನಾಗಿದೆ. ಅದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಹನ್ನೊಂದು ಮರಿ."

ಮುರಿಗೆಪ್ಪನವರು ಮೊದಲ ಬಾರಿಗೆ ಹಾದಿಯನ್ನು ಸರಿಯಾಗಿ ನೋಡಿದರು. ಚಕ್ರ ಉರುಳುವಷ್ಟು ಸಮನೆಲ ಎಲ್ಲಿಯೂ ಇರಲಿಲ್ಲ.

"ನಿನಗೆ ಹೆದರಿಕೆ ಆಗಲ್ವಾ?"

"ಪ್ರತಿ ಸಲ ಆಗುತ್ತೆ. ಆಸ್ಪತ್ರೆಗೆ ಇದೊಂದೇ ಹಾದಿ. ಮಳೆಗಾಲದಲ್ಲಿ ಕೈಯೂ ಜಾರುತ್ತೆ... ಬಂಡೆಗೊಂದು ಕಂಬಿ ಇದ್ದಿದ್ದರೆ ಸಾಕಿತ್ತು."

"ಹೋದ ವರ್ಷವೇ ಹೇಳಬಾರದಿತ್ತಾ?"

"ಯಾರೂ ಕೇಳಲಿಲ್ಲ ದಾಜು. ಫೋಟೋದವರು ನಗು ಅಂದರು... ನಕ್ಕೆ."

ಕೊನೆಗೆ ಗಟ್ಟಿ ನೆಲ ಸಿಕ್ಕಿತು.

ಮುರಿಗೆಪ್ಪನವರು ತಮ್ಮ ಅಂಗೈ ನೋಡಿಕೊಂಡರು. ಇಪ್ಪತ್ತು ಮೊಳದ ಹಾದಿಗೇ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಜಡ್ಡುಗಟ್ಟಿದ ಅವಳ ಅಂಗೈಯತ್ತ ಒಮ್ಮೆ ನೋಡಿದರು... ಕುಳಿತಲ್ಲೇ ಬಿಕ್ಕಿ ಬಿಕ್ಕಿ ಅತ್ತರು.

ಕಣ್ಣೊರೆಸಿಕೊಂಡು ಕೇಳಿದರು, "ಕಂಬಿ ಎಷ್ಟು ಎತ್ತರಕ್ಕಿರಲಿ ತಾಯಿ?"

ದಿಲ್ಸರಾ ಕುಳಿತಲ್ಲಿಂದಲೇ ಕೈಚಾಚಿ, ಮರದ ತುಂಡಿನಿಂದ ಬಂಡೆಯ ಮೇಲೊಂದು ಗೀರೆಳೆದಳು.

ಇಂದು ಆ ತಿರುವಿನಲ್ಲಿ, ಆ ಗೀರಿನ ಎತ್ತರಕ್ಕೇ ಕಬ್ಬಿಣದ ಕಂಬಿಯಿದೆ. ನಡೆದುಹೋಗುವವರು ಅದನ್ನು ಹಿಡಿಯಬೇಕಾದರೆ ಬಾಗಬೇಕು...

ಎಲ್ಲರೂ ಬಾಗುತ್ತಾರೆ.

ಕೊಡುವ ಮುನ್ನ ಕೇಳುವುದೇ ದಾನದ ಮೊದಲ ಅರ್ಧ.

ಕಳೆದ ಸಲ ನೀವು ಯಾರಿಗಾದರೂ ಏನನ್ನಾದರೂ ಕೊಟ್ಟಾಗ... ಅವರಿಗೆ ಬೇಕಾದದ್ದು ಏನೆಂದು ಕೇಳಿದ್ದಿರಾ?